ಚೂರುಚೂರಾಗಿ ಬರುತ್ತಿದ್ದ ಹಾವಿನ ಪೊರೆ: ನನ್ನ ಅನುಭವ

ಷಿಕಾಗೋದ ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ ಇದೆ. ಪಶ್ಚಿಮ ಆಫ್ರಿಕಾ ಕಡೆಯ ಪುಟ್ಟ ಹೆಬ್ಬಾವು. ಜನವರಿಯಲ್ಲಿ ಅದರ ಪೊರೆ ಚೂರುಚೂರಾಗಿ ಬಂತು, ಬಾಲದ ತುದಿಯಲ್ಲಿ ಅಂಟಿಕೊಂಡೇ ಉಳಿಯಿತು. ಟ್ಯಾಂಕಿನ ಮುಳ್ಳಿನ ಮೀಟರ್ ತೇವಾಂಶ ಶೇ 45 ಎನ್ನುತ್ತಿತ್ತು. ಡಿಜಿಟಲ್ ಮೀಟರ್ ತಂದಿಟ್ಟರೆ ಬರೀ 30! ಪೊರೆ ಇಡಿಯಾಗಿ ಕಳಚಲು ಈ ಹಾವಿಗೆ 60ರ ಆಸುಪಾಸು ಬೇಕು.

ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆ. ಸುಮ್ನೆ ದಂಡ, ಗಂಟೆಯೊಳಗೆ ಒಣಗುತ್ತಿತ್ತು. ತಪ್ಪಿದ್ದದ್ದು ಮುಚ್ಚಳದಲ್ಲಿ. ಅದು ಪೂರ್ತಿ ಜಾಲರಿ. ಬಲ್ಬಿನ ಬಿಸಿಗೆ ತೇವವೆಲ್ಲ ಅಲ್ಲಿಂದಲೇ ಹಾರಿಹೋಗುತ್ತಿತ್ತು. ಚಳಿಗಾಲದಲ್ಲಿ ಮನೆಯ ಹೀಟರ್ ಬೇರೆ ಗಾಳಿ ಒಣಗಿಸುತ್ತದೆ, ಅಲ್ವಾ?

ಬಲ್ಬಿನ ಜಾಗ ಬಿಟ್ಟು ಮುಕ್ಕಾಲು ಜಾಲರಿಗೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿದೆ. ಹಾಸಿದ್ದ ಕಾಗದ ತೆಗೆದು ತೆಂಗಿನ ಸಿಪ್ಪೆಯ ಚೂರನ್ನು ನಾಲ್ಕು ಇಂಚು ಹಾಕಿದೆ. ನೀರನ್ನು ಮೂಲೆಗಳಲ್ಲಿ ಮಾತ್ರ ಸುರಿದೆ. ಅಡಿಯಲ್ಲಿ ತೇವ, ಮೇಲೆ ಒಣಗಿರಬೇಕು. ಮೇಲೂ ಒದ್ದೆಯಿದ್ದರೆ ಹೊಟ್ಟೆಯ ಚರ್ಮ ಕೊಳೆಯುತ್ತದೆ.

ಮುಚ್ಚಿದ ಮೇಲೆ ಬಿಸಿ ಬದಿ 36 ಡಿಗ್ರಿಗೆ ಏರಿತು. ಗಾಬರಿಯಾಗಿ ಥರ್ಮೋಸ್ಟಾಟ್ ಹಾಕಿದೆ. ಈಗ ಆ ಬದಿ 32, ತಂಪು ಬದಿ 26. (ಇದನ್ನು ಮೊದಲ ದಿನವೇ ಹಾಕಬೇಕಿತ್ತು.)

ಬಾಲದಲ್ಲಿ ಉಳಿದಿದ್ದ ಪೊರೆಯ ಚೂರು ಬಿಡಿಸಲು ಹಾವನ್ನು ಉಗುರುಬೆಚ್ಚಗಿನ ಒದ್ದೆ ಬಟ್ಟೆಯ ನಡುವೆ ಹರಿದಾಡಲು ಬಿಟ್ಟೆ, ಚೂರು ತಾನೇ ಬಿಟ್ಟುಕೊಂಡಿತು. ಮಾರ್ಚಿನಲ್ಲಿ ಪೊರೆ ಕಾಲುಚೀಲದಂತೆ ಇಡಿಯಾಗಿ ಬಂತು, ಕಣ್ಣಿನ ಮೇಲಿನದೂ ಸೇರಿ.