ಕೇದಾರಕಂಠಕ್ಕೆ ಹೋಗುವಾಗ ಒಳಗೆ ಎಂತ ಹಾಕಿಕೊಂಡೆ

ಕುದುರೆಮುಖದಲ್ಲಿ ಒಂಟಿಮರ ಅನ್ನುವ ಜಾಗ ದಾಟಿ ಮೇಲೆ ಹೋಗುವ ತನಕ ನನಗೆ ಚಳಿಯ ಯೋಚನೆಯೇ ಇರಲಿಲ್ಲ. ಡಿಸೆಂಬರ್ ಬೆಳಿಗ್ಗೆ ಮುಳ್ಳೋಡಿಯಿಂದ ಹೊರಟಿದ್ದೆವು. ಕಾಟನ್ ಟೀ ಶರ್ಟ್ ಬೆನ್ನಿಗೆ ಪೂರ್ತಿ ಅಂಟಿತ್ತು. ಮಂಗಳೂರಿನವರಿಗೆ ಬೆವರು ಹೊಸತಲ್ಲ ಅಲ್ವಾ, ಸುಮ್ನೆ ನಡೆದೆ. ಕಾಡು ಮುಗಿದು ಹುಲ್ಲುಗುಡ್ಡಕ್ಕೆ ಬಂದು ಬುತ್ತಿ ಬಿಚ್ಚಿ ಕೂತದ್ದೇ ಗಾಳಿ ಶುರುವಾಯಿತು. ಹತ್ತೇ ನಿಮಿಷ, ಹಲ್ಲು ಕಟಕಟ. ಜಾಕೆಟ್ ಹಾಕಿದರೂ ನಡುಕ ನಿಲ್ಲಲಿಲ್ಲ, ಯಾಕೆಂದರೆ ಒದ್ದೆ ಬಟ್ಟೆ ಇದ್ದದ್ದು ಜಾಕೆಟ್‌ನ ಒಳಗೆ. ತುದಿಯ ಎತ್ತರವೇ 1,894 ಮೀಟರ್, ಹಿಮ ಇಲ್ಲ, ತಲೆ ಮೇಲೆ ಬಿಸಿಲು. ಅಲ್ಲೇ ಹಾಗಾಯಿತು.

ಮರುವರ್ಷ ನಾನೂ ತಮ್ಮನೂ ಕೇದಾರಕಂಠಕ್ಕೆ ಹೋಗುವುದು ಅಂತ ನಿರ್ಧಾರವಾದಾಗ ನಾನು ಮೊದಲು ಕೂತದ್ದು ಈ ಒಳಬಟ್ಟೆಯ ಲೆಕ್ಕಕ್ಕೆ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಬೆಟ್ಟ, ಸುಮಾರು 12,500 ಅಡಿ, ಅಂದರೆ 3,800 ಮೀಟರ್, ಡಿಸೆಂಬರ್ ಕೊನೆ. ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುವ ಜಾಗ.

ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಕೇಳಿದರೆ ದಪ್ಪ ಬಿಳಿ ಥರ್ಮಲ್ ತೆಗೆದು ಕೊಡುತ್ತಾರೆ. ಬದರಿಗೆ ಹೋಗುವವರು ಕೊಂಡುಹೋಗುವಂಥದ್ದು. ದೊಡ್ಡಮ್ಮ ಯಾತ್ರೆಗೆ ಹೋದಾಗ ಅದನ್ನೇ ಹಾಕಿದ್ದರು, "ಬೆಚ್ಚಗೆ ಉಂಟು, ಸುಮ್ನೆ ದುಡ್ಡು ಹಾಳು ಮಾಡ್ಬೇಡ ಮಾರಾಯ್ತಿ" ಅಂದರು. ಅವರು ಹೇಳಿದ್ದು ತಪ್ಪಲ್ಲ. ಬಸ್ಸಿನಲ್ಲಿ ಕೂರಲು, ಮಲಗಲು ಅದು ಒಳ್ಳೆಯದೇ. ಆದರೆ ಅದರಲ್ಲಿ ಕಾಟನ್ ಜಾಸ್ತಿ. ಬೆನ್ನಿಗೆ ಬ್ಯಾಗ್ ಹಾಕಿ ನಾಲ್ಕು ಗಂಟೆ ಏರಿದರೆ ಬೆವರು ಕುಡಿದು ಹಾಗೇ ಕೂರುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ನಡೆಯುವವರಿಗೆ ಮೈಗೆ ತಾಗುವ ಬಟ್ಟೆಯ ಕೆಲಸ ಬಿಸಿ ಕೊಡುವುದಲ್ಲ, ಚರ್ಮವನ್ನು ಒಣಗಿಸಿ ಇಡುವುದು. ಬಿಸಿ ಕೊಡಲು ಮೇಲೆ ಹಾಕುವ ಫ್ಲೀಸ್, ಅಂದರೆ ಮೆತ್ತಗಿನ ಬೆಚ್ಚಗಿನ ಅಂಗಿ, ಇದೆ, ಗಾಳಿ ತಡೆಯಲು ಜಾಕೆಟ್ ಇದೆ.

ಉಳಿದದ್ದು ಎರಡು, ಪಾಲಿಯೆಸ್ಟರ್ ಮತ್ತು ಮೆರಿನೋ ಉಣ್ಣೆ. ಉಣ್ಣೆ ಅಂದರೆ ಕಂಬಳಿ ತರ ಚುಚ್ಚುತ್ತದೆ ಅಂತ ನನಗೂ ಅನುಮಾನ ಇತ್ತು. ಮೆರಿನೋ ಕುರಿಯ ಎಳೆ ತುಂಬ ಸಪೂರ, ನಮ್ಮ ತಲೆಕೂದಲಿಗಿಂತ ಎಷ್ಟೋ ತೆಳು, ಅದಕ್ಕೇ ಚುಚ್ಚುವುದಿಲ್ಲ. ಒಂದಕ್ಕೇ ಮೂರು ಸಾವಿರದ ಹತ್ತಿರ ಕೊಟ್ಟೆ. ಲೇಬಲ್‌ನಲ್ಲಿ 150 ಅಂತ ಬರೆದಿತ್ತು. ಅದು ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ. 200, 250 ಕೂಡ ಸಿಗುತ್ತದೆ. ನಾನು ಬೇಗ ಬೆವರುವವಳು, ಅದಕ್ಕೆ ತೆಳುವಾದದ್ದನ್ನೇ ತೆಗೆದುಕೊಂಡೆ.

ಚಳಿಯೇ ಇಲ್ಲದ ಊರಿನಲ್ಲಿ ಇದನ್ನೆಲ್ಲ ಪರೀಕ್ಷೆ ಮಾಡುವುದು ಹೇಗೆ? ಮೊದಲು ಅಡುಗೆಮನೆಯ ತಕ್ಕಡಿ. ಕಾಟನ್ ಟೀ ಶರ್ಟ್, ಪಾಲಿಯೆಸ್ಟರ್, ಮೆರಿನೋ ಮೂರನ್ನೂ ಒಣಗಿದಾಗ ತೂಗಿ, ಬಕೆಟ್‌ನಲ್ಲಿ ಅದ್ದಿ, ಹಿಂಡಿ ಮತ್ತೆ ತೂಗಿದೆ. ಕಾಟನ್ ಎರಡರಷ್ಟು ಮೀರಿತ್ತು. ಪಾಲಿಯೆಸ್ಟರ್ ಎಲ್ಲಕ್ಕಿಂತ ಕಡಿಮೆ ನೀರು ಹಿಡಿದಿತ್ತು. ಮೂರನ್ನೂ ಫ್ಯಾನ್ ಕೆಳಗೆ ಹಾಕಿದೆ, ನವೆಂಬರ್ ತಿಂಗಳು. ಪಾಲಿಯೆಸ್ಟರ್ ಎರಡು ಗಂಟೆಯಲ್ಲಿ ಗರಿಗರಿ. ಮೆರಿನೋ ಬೇಗ ಒಣಗುತ್ತದೆ ಅಂತ ಹೇಳುವವರಿದ್ದಾರೆ, ನನ್ನ ಮನೆಯಲ್ಲಿ ಹಾಗೇನೂ ಆಗಲಿಲ್ಲ, ಕಂಕುಳಿನ ಹೊಲಿಗೆ ಸಂಜೆಯ ತನಕ ತಂಪಾಗಿಯೇ ಇತ್ತು. ಕಾಟನ್ ಮರುದಿನ ಬೆಳಿಗ್ಗೆಯೂ ಅಂಚಿನಲ್ಲಿ ಹಸಿ.

ಹಾಗಾದರೆ ಪಾಲಿಯೆಸ್ಟರೇ ಸಾಕಲ್ವಾ ಅನ್ನಿಸಿತು. ಆಮೇಲೆ ಎರಡನೇ ಪರೀಕ್ಷೆ ಮಾಡಿದೆ. ಏಳು ಕೆಜಿ ಅಕ್ಕಿ ತುಂಬಿದ ಬ್ಯಾಗ್ ಹೊತ್ತು ಕದ್ರಿ ದೇವಸ್ಥಾನದ ಮೇಲಿನ ಮೆಟ್ಟಿಲು ಹತ್ತಿ ಇಳಿದು, ಮತ್ತೆ ಹತ್ತಿ, ಬೆವರು ಇಳಿಯುವಾಗಲೇ ಮನೆಗೆ ಬಂದು ಏಸಿ 18ಕ್ಕೆ ಇಟ್ಟು ಟೇಬಲ್ ಫ್ಯಾನ್ ಎದುರು ಕೂರುವುದು. ಒಂದೊಂದು ದಿನ ಒಂದೊಂದು ಬಟ್ಟೆ. ಪಾಲಿಯೆಸ್ಟರ್‌ನಲ್ಲಿ ಮೊದಲ ಐದು ನಿಮಿಷ ಬೆನ್ನು ಜುಮ್ಮೆಂದಿತು, ಆಮೇಲೆ ಒಣಗಿ ಸರಿಯಾಯಿತು. ಮೆರಿನೋದಲ್ಲಿ ಬಟ್ಟೆ ಹಸಿ ಇದ್ದರೂ ಆ ಜುಮ್ಮೆನ್ನುವುದು ಬರಲಿಲ್ಲ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಎಳೆಯ ಒಳಗೇ ಹಿಡಿದುಕೊಳ್ಳುತ್ತದೆ, ಚರ್ಮಕ್ಕೆ ತಣ್ಣಗೆ ಅಂಟುವುದಿಲ್ಲ. ಇದು ಓದಿ ಗೊತ್ತಿತ್ತು, ಬೆನ್ನಿಗೆ ಗೊತ್ತಾದದ್ದು ಆ ದಿನ.

ಅದೇ ಪರೀಕ್ಷೆಯಲ್ಲಿ ಇನ್ನೊಂದು ಗೊತ್ತಾಯಿತು, ಹೆಣ್ಣುಮಕ್ಕಳು ದಯವಿಟ್ಟು ಇದನ್ನು ಗಮನಿಸಿ. ಮೆರಿನೋ ಹಾಕಿದ ದಿನವೂ ಎದೆಯ ಕೆಳಗೆ ಒಂದು ಪಟ್ಟಿಯಷ್ಟು ಜಾಗ ಮಾತ್ರ ಐಸ್ ಇಟ್ಟ ಹಾಗೆ ತಣ್ಣಗಿತ್ತು. ನೋಡಿದರೆ ಒಳಗಿದ್ದ ಬ್ರಾ ಕಾಟನ್. ಅದರ ಇಲಾಸ್ಟಿಕ್ ಸುತ್ತ ಬಟ್ಟೆ ಹಿಂಡಿದರೆ ನೀರು ಬರುವ ಹಾಗಿತ್ತು. ಮೇಲೆ ಎಷ್ಟು ದುಬಾರಿಯದ್ದು ಹಾಕಿದರೂ ಚರ್ಮಕ್ಕೆ ತಾಗುವುದು ಅದೇ ತಾನೇ! ಬೇಗ ಒಣಗುವ ಸ್ಪೋರ್ಟ್ಸ್ ಬ್ರಾ ಎರಡು, ಅದೇ ತರದ ಚಡ್ಡಿ ನಾಲ್ಕು ತೆಗೆದುಕೊಂಡೆ. ಗಂಡಸರ ಬನಿಯನ್ನಿಗೂ ಇದೇ ಮಾತು. ನನ್ನ ತಮ್ಮ ರೂಢಿಯಂತೆ ಒಳಗೆ ಬನಿಯನ್ ಹಾಕಿಯೇ ಹೊರಟಿದ್ದ, ಬಿಡಿಸಿದೆ.

ಅಳತೆ ಮೈಗೆ ಕೂತಿರಬೇಕು. ಲೂಸ್ ಇದ್ದರೆ ಬೆವರು ಎಳೆಯುವುದಿಲ್ಲ. ಕೈ ಮೇಲೆತ್ತಿದರೆ ಸೊಂಟ ಕಾಣದಷ್ಟು ಉದ್ದ ಬೇಕು. ಭುಜದ ಮೇಲೆ ಹೊಲಿಗೆ ಉಬ್ಬಿದ್ದರೆ ಬ್ಯಾಗ್ ಪಟ್ಟಿ ಅಲ್ಲೇ ಒತ್ತುತ್ತದೆ. ಕುತ್ತಿಗೆಯಲ್ಲಿ ಜಿಪ್ ಇದ್ದರೆ ಬಹಳ ಒಳ್ಳೆಯದು, ಏರುವಾಗ ಇಳಿಸಿ, ನಿಂತಾಗ ಏರಿಸಿದರೆ ಆಯಿತು.

ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿ, ಅಲ್ಲಿಂದ ಡೆಹ್ರಾಡೂನ್, ಮತ್ತೆ ಒಂದು ದಿನ ಜೀಪಿನಲ್ಲಿ ಟ್ರೆಕ್ ಶುರುವಾಗುವ ಹಳ್ಳಿ ಸಾಂಕ್ರಿ. ಕೊನೆಗೆ ನನ್ನ ಬ್ಯಾಗಿನಲ್ಲಿ ಇದ್ದದ್ದು ಮೆರಿನೋ ಒಂದು, ಪಾಲಿಯೆಸ್ಟರ್ ಒಂದು, ದೊಡ್ಡಮ್ಮ ಹೇಳಿದ ಥರ್ಮಲ್ ಒಂದು ಜೊತೆ. ಥರ್ಮಲ್ ಮಲಗಲಿಕ್ಕೆ ಮಾತ್ರ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟಿದ್ದೆ, ಏನೇ ಆದರೂ ಅದನ್ನು ಹಗಲಿಗೆ ಮುಟ್ಟಲಿಲ್ಲ. ಸಂಜೆ ಟೆಂಟಿಗೆ ಬಂದ ಕೂಡಲೇ ಹಸಿ ಬಟ್ಟೆ ಕಳಚಿ ಅದನ್ನು ಹಾಕಿಕೊಳ್ಳುವಾಗಿನ ಸುಖ ಹೇಳಿ ಮುಗಿಯದು.

ಕಾಲಿಗೆ ಹಗಲು ಒಳಪ್ಯಾಂಟ್ ಬೇಕಾಗಲಿಲ್ಲ, ಬರೀ ಟ್ರೆಕ್ ಪ್ಯಾಂಟ್ ಸಾಕಾಯಿತು. ತುದಿಗೆ ಹೋಗುವ ದಿನ ನಸುಕಿನ ಮೂರು ಗಂಟೆಗೆ ಹೊರಡುವಾಗ ಮಾತ್ರ ಪಾಲಿಯೆಸ್ಟರ್ ಟೈಟ್ಸ್ ಹಾಕಿದೆ. ಆ ದಿನ ಹೊರಡುವಾಗ ಮೆರಿನೋ, ಫ್ಲೀಸ್, ಜಾಕೆಟ್ ಮೂರೂ ಮೈಮೇಲೆ. ಕಾಲು ಗಂಟೆ ಏರುವುದರೊಳಗೆ ಕುತ್ತಿಗೆ ಬಿಸಿಯಾಯಿತು. ಬೆವರು ಬರುವ ಮೊದಲೇ ನಿಂತು ಫ್ಲೀಸ್ ಕಳಚಿದೆ. ತಮ್ಮ ಕಳಚಲಿಲ್ಲ, "ಆಮೇಲೆ ನೋಡುವ ಅಕ್ಕ" ಅಂದ. ತುದಿ ಹತ್ತಿರ ಗಾಳಿಗೆ ನಿಂತಾಗ ಅವನ ಬೆನ್ನು ಮುಟ್ಟಿ ನೋಡಿದೆ, ಒದ್ದೆ. ಪಾಲಿಯೆಸ್ಟರ್ ಆದ್ದರಿಂದ ನಡೆಯುತ್ತಾ ಒಣಗಿತು, ಆದರೆ ಆ ಅರ್ಧ ಗಂಟೆ ಅವನು ನಡುಗಿದ್ದನ್ನು ನೋಡಿ ನನಗೆ ಕುದುರೆಮುಖ ನೆನಪಾಯಿತು.

ವಾಸನೆಯ ವಿಷಯದಲ್ಲಿ ಮೆರಿನೋಗೆ ಸಾಟಿ ಇಲ್ಲ. ನಾಲ್ಕು ದಿನ ಹಾಕಿದೆ, ಮೂಗಿಗೆ ಹಿಡಿದರೂ ತೊಂದರೆ ಇಲ್ಲ. ಪಾಲಿಯೆಸ್ಟರ್ ಎರಡನೇ ಸಂಜೆಗೇ ಸಾಕಾಗಿತ್ತು.

ಊರಿಗೆ ಬಂದ ಮೇಲೆ ಇದನ್ನು ಉಳಿಸಿಕೊಳ್ಳುವುದು ನಮ್ಮ ಕಡೆ ಸ್ವಲ್ಪ ಕಷ್ಟ. ತಣ್ಣೀರಿನಲ್ಲಿ ತೊಳೆದು, ತಿರುಚಿ ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರಡಬೇಕು. ಮಳೆಗಾಲದಲ್ಲಿ ಕಪಾಟಿನಲ್ಲಿ ಹಾಗೇ ಇಟ್ಟರೆ ಬೂಸ್ಟು ಹಿಡಿಯುತ್ತದೆ, ಹುಳು ತಿಂದು ತೂತು ಮಾಡುತ್ತದೆ. ನಾನು ಮೇ ತಿಂಗಳ ಬಿಸಿಲು ಇರುವಾಗಲೇ ಚೆನ್ನಾಗಿ ಒಣಗಿಸಿ, ಗಾಳಿ ಹೋಗದ ಜಿಪ್ ಕವರಿನಲ್ಲಿ ಹಾಕಿ, ಅದನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟು ಮುಚ್ಚುತ್ತೇನೆ. ಎರಡು ಮಳೆಗಾಲ ಆಯಿತು, ಇನ್ನೂ ಒಂದೂ ತೂತಾಗಿಲ್ಲ. ತಮ್ಮನೂ ಈ ಸಲ ಒಂದು ಮೆರಿನೋ ತೆಗೆದುಕೊಂಡಿದ್ದಾನೆ, ಅದೂ ಅದೇ ಡಬ್ಬಿಯಲ್ಲಿ ಉಂಟು.