ರಸ್ತೆ ಬದಿಯ ಬರೆ ಓದುವುದು ಹೇಗೆ?

ಕೊಡಗಿನಲ್ಲಿ ಕಲ್ಲು-ಮಣ್ಣಿನ ಪಾಠ ಕಲಿಯಲು ತಡಿಯಂಡಮೋಳ್ ಹತ್ತಬೇಕಿಲ್ಲ. ರಸ್ತೆಗೋ ಮನೆಗೋ ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಂತಿರುವ ಮಣ್ಣಿನ ಮೈ, ಅಂದರೆ ಬರೆಯೇ ಸಾಕು. ಜನವರಿಯಿಂದ ಮಾರ್ಚ್‌ವರೆಗೆ, ಮಣ್ಣು ಒಣಗಿರುವಾಗ ಹೋಗಿ. ಮಳೆಗಾಲದಲ್ಲಿ ಬರೆಯ ಬುಡಕ್ಕೆ ಕಾಲಿಡಬೇಡಿ. ಸುತ್ತಿಗೆ, ಚೂರಿ, ಭೂತಗನ್ನಡಿ ಜೊತೆಗಿರಲಿ. ಚೂರು ಹಾರುವುದರಿಂದ ಕಣ್ಣಿಗೆ ಕನ್ನಡಕವೂ ಬೇಕು. ಪುಷ್ಪಗಿರಿ, ಬ್ರಹ್ಮಗಿರಿಯಂಥ ವನ್ಯಧಾಮಗಳಲ್ಲಿ ಕಲ್ಲು ಒಡೆಯುವಂತಿಲ್ಲ. ನಿಮ್ಮ ತೋಟದ ಬರೆಯೇ ಒಳ್ಳೆಯದು.

ಮೊದಲು ಬುಡದಲ್ಲಿ ಬಿದ್ದ ಗಟ್ಟಿ ಕಲ್ಲೊಂದನ್ನು ಒಡೆಯಿರಿ. ಹೊರಮೈಯ ಕಂದು ಬಣ್ಣ ನಂಬುವಂಥದ್ದಲ್ಲ, ಅದು ಬರೀ ತುಕ್ಕು. ಒಳಗೆ ಕಪ್ಪು-ಬಿಳಿ ಪಟ್ಟೆ ಕಂಡರೆ ಅದು ನೈಸ್ (gneiss) ಎಂಬ ಶಿಲೆ. ಗಾಜಿನಂತಿರುವ ಕಣ ಬೆಣಚುಕಲ್ಲು. ಗಡಸುತನದ 1ರಿಂದ 10ರ ಮಾಪನದಲ್ಲಿ ಇದು 7, ಚೂರಿಗೆ ಜಗ್ಗದು. ಬಿಳಿ ಇಲ್ಲವೇ ಗುಲಾಬಿ ಬಣ್ಣದ, ಚಪ್ಪಟೆ ಮುಖದಲ್ಲಿ ಮಿಂಚುವ ಕಣ ಫೆಲ್ಡ್‌ಸ್ಪಾರ್. ಉಗುರಿನಿಂದ ಎಬ್ಬಿಸಿದರೆ ಹಾಳೆ ಹಾಳೆಯಾಗಿ ಏಳುವುದು ಕಾಗೆಬಂಗಾರ. ಪಟ್ಟೆಯೇ ಇಲ್ಲದೆ, ಜಿಡ್ಡು ಬಳಿದ ಹಾಗೆ ಹಸಿರುಗಪ್ಪಾಗಿದ್ದರೆ ಚಾರ್ನೊಕೈಟ್ ಎಂಬ ಇನ್ನೊಂದು ಶಿಲೆ ಇರಬಹುದು.

ಶಾಲೆಯಲ್ಲಿ ಓದಿದ ಮೂರು ಬಗೆ ನೆನಪಿದೆಯಲ್ಲ? ಶಿಲಾಪಾಕ ಆರಿ ಗಟ್ಟಿಯಾದದ್ದು ಅಗ್ನಿಶಿಲೆ, ಹೂಳು ಕೂತು ಗಟ್ಟಿಯಾದದ್ದು ಪದರಶಿಲೆ, ಇವೆರಡೂ ಆಳದ ಶಾಖ-ಒತ್ತಡಕ್ಕೆ ಸಿಕ್ಕಿ ಬದಲಾದದ್ದು ರೂಪಾಂತರ ಶಿಲೆ. ಕೊಡಗಿನದು ಬಹುಪಾಲು ಮೂರನೆಯದು. ಕೆಲವದರ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಹಾಗಾಗಿ ಶಂಖ, ಮೀನಿನ ಪಳೆಯುಳಿಕೆ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಈಗ ಕಣ್ಣನ್ನು ನಿಧಾನವಾಗಿ ಮೇಲಕ್ಕೆ ತನ್ನಿ. ಗಟ್ಟಿ ಬಂಡೆ, ಅದರ ಮೇಲೆ ಬಿರುಕುಬಿಟ್ಟ ಬಂಡೆ, ಅದರ ಮೇಲೊಂದು ವಿಚಿತ್ರ ಪದರ: ಕಲ್ಲಿನ ಪಟ್ಟೆಗಳು ಹಾಗೇ ಇವೆ, ಹಿಡಿದರೆ ಮಾತ್ರ ಬೆರಳಲ್ಲೇ ಪುಡಿಯಾಗುತ್ತದೆ. ಇದು ಶಿಥಿಲಗೊಂಡ ಶಿಲೆ. ಸ್ವಲ್ಪವೇ ಆಮ್ಲ ಇರುವ ಮಳೆನೀರು ಲಕ್ಷಾಂತರ ವರ್ಷ ಇಳಿದು ಫೆಲ್ಡ್‌ಸ್ಪಾರನ್ನು ಜೇಡಿಮಣ್ಣು ಮಾಡಿದೆ. ಬೆಣಚು ಮರಳಾಗಿ ಉಳಿದಿದೆ, ಕಬ್ಬಿಣ ತುಕ್ಕಾಗಿ ಕೆಂಪೇರಿದೆ. ಕಲ್ಲು ಇದ್ದಲ್ಲೇ ಕೊಳೆಯುವುದು ಶಿಥಿಲೀಕರಣ. ಕೊಳೆತದ್ದನ್ನು ತೋಡು, ಹೊಳೆ ಹೊತ್ತೊಯ್ದರೆ ಅದು ಸವೆತ. ಪತ್ರಿಕೆಯವರೂ ಇವೆರಡನ್ನು ಬೆರೆಸಿಬಿಡುತ್ತೇವೆ.

ಬರೆಯಲ್ಲಿ ನಿಜವಾಗಿ ನೋಡಬೇಕಾದದ್ದು ಈ ಸಡಿಲ ಪದರವೂ ಗಟ್ಟಿ ಬಂಡೆಯೂ ಸೇರುವ ಗೆರೆ. ಮೇಲಿನಿಂದ ಇಳಿದ ನೀರು ಅಲ್ಲಿ ತಡೆಯುತ್ತದೆ. ಮಳೆ ಬಿಡದೆ ಸುರಿದರೆ ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಏರುತ್ತದೆ, ಹಿಡಿತ ತಪ್ಪುತ್ತದೆ. ಬುಡ ಕಡಿದ ಇಳಿಜಾರಿಗೆ ಆಧಾರವೂ ಇಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಕೆಸರಾಗಿ ಹರಿದದ್ದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಳೆಯನ್ನಷ್ಟೇ ದೂರುವುದು ಅರ್ಧ ಮಾತು ಎಂಬುದು ನನ್ನ ಅಭಿಪ್ರಾಯ. ಜೆಸಿಬಿಯ ಲೆಕ್ಕವನ್ನೂ ಹಿಡಿಯಬೇಕು.

ಇನ್ನು ಬರೆಗೆ ಬೆನ್ನು ತಿರುಗಿಸಿ ದೂರ ನೋಡಿ. ಮಡಿಕೇರಿಯಿಂದ ಕುಶಾಲನಗರಕ್ಕೂ ಸಂಪಾಜೆಗೂ ದೂರ ಹೆಚ್ಚುಕಡಿಮೆ ಒಂದೇ. ಪೂರ್ವದ ಕುಶಾಲನಗರಕ್ಕೆ ಇಳಿತ ಸುಮಾರು 300 ಮೀಟರ್, ಪಶ್ಚಿಮದ ಸಂಪಾಜೆಗೆ ಸಾವಿರದ ಹತ್ತಿರ. ನೀರನ್ನು ಹೀಗೆ ಎರಡು ಕಡೆ ಹಂಚುವ ಏಣು ಜಲವಿಭಾಜಕ. ಕಾವೇರಿ ಪೂರ್ವಕ್ಕೆ ಹರಿದರೆ ಕುಮಾರಧಾರಾ, ಬರಪೊಳೆ ಅರಬ್ಬೀ ಸಮುದ್ರದ ಕಡೆಗೆ. ಕಡಿದಾದ ಇಳಿತದಲ್ಲಿ ಹೊಳೆ ಆಳಕ್ಕೆ ಕೊರೆಯುತ್ತದೆ. ಪೂರ್ವದ ಸಮತಟ್ಟಿನಲ್ಲಿ ವೇಗ ತಗ್ಗಿ ಮರಳು, ಹೂಳನ್ನು ಬಿಡುತ್ತದೆ. ಅದಕ್ಕೆ ಸಂಚಯನ ಎನ್ನುತ್ತಾರೆ.

ಕೊನೆಯದಾಗಿ ಬರೆಯ ನೆತ್ತಿಯನ್ನು ಪಕ್ಕದಿಂದ ಗಮನಿಸಿ. ಸಿಲ್ವರ್ ಓಕ್ ಮರಗಳ ಬುಡ ಸಾಲಾಗಿ ಬಾಗಿ, ಮೇಲೆ ನೇರವಾಗಿದ್ದರೆ ಮಣ್ಣು ವರ್ಷಗಳಿಂದ ತೆವಳುತ್ತಿರಬಹುದು. ಅರ್ಧಚಂದ್ರದ ಹಾಗೆ ಹೊಸ ಬಿರುಕು, ಹಿಂದೆಂದೂ ಇಲ್ಲದ ಕಡೆ ಒರತೆ, ತಿಳಿಯಾಗಿದ್ದ ಒರತೆ ಕದಡುವುದು, ಇವು ಕಂಡರೆ ಫೋಟೊ ತೆಗೆದು ಪಂಚಾಯಿತಿಗೂ ತಹಶೀಲ್ದಾರರಿಗೂ ಬರವಣಿಗೆಯಲ್ಲೇ ತಿಳಿಸಿ. ಮಳೆ ಹಿಡಿದ ಹೊತ್ತಿನಲ್ಲಿ ಕಂಡರೆ ಕಾಗದಕ್ಕೆ ಕಾಯಬೇಡಿ, ಕೆಳಗಿನ ಮನೆಯವರನ್ನು ಮೊದಲು ಎಬ್ಬಿಸಿ.