ಏನು ನೋಡಿ ಹಾಗಂತೀಯಾ?

ಏಳನೇ ತರಗತಿಯ ಮಕ್ಕಳಿಗೆ ‘ವೀರಗಲ್ಲುಗಳ ಬಗ್ಗೆ ನಿನ್ನ ಅಭಿಪ್ರಾಯ ಬರೆ’ ಅಂತ ಹೇಳಿ ನೋಡಿ. ಹೆಚ್ಚಿನ ನೋಟ್‌ಬುಕ್‌ಗಳಲ್ಲಿ ಹೀಗಿರುತ್ತದೆ: ‘ವೀರಗಲ್ಲುಗಳು ನಮ್ಮ ನಾಡಿನ ಹೆಮ್ಮೆ. ಅವು ನಮ್ಮ ಸಂಸ್ಕೃತಿಯನ್ನು ಸಾರುತ್ತವೆ. ಅವುಗಳನ್ನು ಕಾಪಾಡುವುದು ನಮ್ಮೆಲ್ಲರ ಕರ್ತವ್ಯ.’ ತಪ್ಪೇನಿಲ್ಲ. ಅಕ್ಷರ ದುಂಡಗಿದೆ, ಕಾಗುಣಿತ ಸರಿಯಿದೆ. ಆದರೆ ‘ವೀರಗಲ್ಲು’ ತೆಗೆದು ಅಲ್ಲಿ ‘ಜನಪದ ಗೀತೆ’ ಅಂತ ಹಾಕಿದರೂ ಮೂರೂ ವಾಕ್ಯ ಹಾಗೇ ನಡೆಯುತ್ತವೆ. ಇದನ್ನು ಬರೆಯೋಕೆ ಮಗು ಒಂದು ಕಲ್ಲನ್ನೂ ನೋಡಿರಬೇಕಾಗಿಲ್ಲ.

ಮಕ್ಕಳಿಗೆ ವಾದ ಮಾಡೋಕೆ ಬರೋದಿಲ್ಲ ಅಂತಲ್ಲ. ಕಬಡ್ಡಿಯಲ್ಲಿ ಔಟೋ ಅಲ್ವೋ ಅಂತ ಜಗಳ ಬಿದ್ದಾಗ ಹತ್ತಿರ ಹೋಗಿ ನಿಂತು ಕೇಳಿ. ‘ಗೆರೆ ದಾಟಿದ್ದ ಕಣೋ, ಕಾಲಿನ ಗುರುತು ಇಲ್ಲೇ ಇದೆ ನೋಡು’ ಅಂತ ನೆಲ ತೋರಿಸುತ್ತಾರೆ. ಮಾತೂ ಇದೆ, ಮಾತಿಗೆ ಆಧಾರವೂ ಇದೆ. ನೋಟ್‌ಬುಕ್ ತೆರೆದ ಕೂಡಲೇ ಅದೆಲ್ಲ ಮಾಯವಾಗಿ ಭಾಷಣ ಶುರುವಾಗುತ್ತದೆ.

ನಾನು ಶಿಕಾರಿಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳು, ಎಂಟನೇ ತರಗತಿಗಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ತರಗತಿಯ ಗೋಡೆಯ ಮೇಲೆ ಒಂದು ಚಾರ್ಟ್ ಇದೆ. ಅದರಲ್ಲಿ ಮೂರೇ ಪ್ರಶ್ನೆ.

ಏನು ಹೇಳ್ತೀಯಾ?
ಏನು ನೋಡಿ ಹಾಗಂತೀಯಾ?
ಅದನ್ನು ನೋಡಿದ್ರೆ ಹಾಗೇ ಅಂತ ಹೇಗೆ ಗೊತ್ತಾಗುತ್ತೆ?

ಇದು ನಾನು ಕಂಡುಹಿಡಿದದ್ದೇನಲ್ಲ. ಬ್ರಿಟಿಷ್ ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಒಂದು ವಾದದಲ್ಲಿ ಏನೇನು ಭಾಗ ಇರುತ್ತವೆ ಅಂತ ಬಿಡಿಸಿಟ್ಟಿದ್ದ. ಆಮೇಲೆ ಅಮೆರಿಕದಲ್ಲಿ ವಿಜ್ಞಾನ ಕಲಿಸುವವರು ಅದನ್ನು ಮಕ್ಕಳಿಗೆ ತಕ್ಕಂತೆ ಮೂರಕ್ಕೆ ಇಳಿಸಿಕೊಂಡರು. ನಮ್ಮಲ್ಲಿ ಅದಕ್ಕೂ ಎಷ್ಟೋ ಹಿಂದೆ ನ್ಯಾಯದರ್ಶನ ಅನ್ನುವ ಪ್ರಾಚೀನ ತರ್ಕಶಾಸ್ತ್ರದವರು ಐದು ಹಂತ ಹೇಳಿದ್ದರು: ಬೆಟ್ಟದಲ್ಲಿ ಬೆಂಕಿ ಇದೆ, ಯಾಕೆಂದರೆ ಹೊಗೆ ಇದೆ, ಅಡುಗೆಮನೆಯಲ್ಲಿ ಇರುವ ಹಾಗೆ ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಈ ಬೆಟ್ಟದಲ್ಲೂ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ. ಎಂಟನೇ ತರಗತಿಯವರಿಗೆ ಇದನ್ನು ಹೇಳಿದರೆ ಖುಷಿಯಾಗುತ್ತದೆ. ಆರನೇ ತರಗತಿಗೆ ಬೇಡ, ಅವರಿಗೆ ಮೂರು ಪ್ರಶ್ನೆ ಸಾಕು.

ಮೊದಲ ಎರಡು ಪ್ರಶ್ನೆಗೆ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ಕಷ್ಟ ಇರುವುದೆಲ್ಲ ಮೂರನೆಯದರಲ್ಲಿ. ಆಧಾರ ಕೊಟ್ಟರೆ ಕೆಲಸ ಮುಗೀತು ಅಂತ ನಿಲ್ಲಿಸಿಬಿಡುತ್ತಾರೆ. ಆ ಆಧಾರದಿಂದ ಈ ಮಾತಿಗೆ ಬಂದ ದಾರಿ ಯಾವುದು ಅಂತ ಹೇಳುವುದಿಲ್ಲ. ಅವರ ಲೆಕ್ಕದಲ್ಲಿ ಅದು ಎಲ್ಲರಿಗೂ ಗೊತ್ತಿರೋದೇ. ‘ಅದರಲ್ಲಿ ಹೇಳೋದೇನಿದೆ ಸರ್?’ ನನ್ನ ಹೆಚ್ಚಿನ ಸಮಯ ಹೋಗುವುದು ಆ ಒಂದು ಸಾಲು ಬರೆಸುವುದರಲ್ಲೇ. ಅದನ್ನು ಬರೆಸೋಕೆ ನನಗೆ ಸಿಕ್ಕ ಒಳ್ಳೆಯ ದಾರಿ ಅಂದರೆ, ಒಂದೇ ಆಧಾರ ಇಟ್ಟುಕೊಂಡು ಎರಡು ಬೇರೆ ಬೇರೆ ಮಾತು ಆಡುವವರನ್ನು ಎದುರುಬದುರು ಕೂರಿಸುವುದು.

ನಮ್ಮ ಕಡೆ ವೀರಗಲ್ಲಿಗೆ ಬರವಿಲ್ಲ. ಶಿಕಾರಿಪುರ, ಸೊರಬದ ಊರುಗಳಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಬೇಲಿಯ ಮಗ್ಗುಲಲ್ಲಿ ನಿಂತಿರುತ್ತವೆ. ಕೆಲವನ್ನು ಬಟ್ಟೆ ಒಗೆಯೋಕೂ ಬಳಸಿದ್ದಾರೆ. ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಕಲ್ಲಿನ ಹತ್ತಿರ ಏಳನೇ ತರಗತಿಯವರನ್ನು ಕರೆದುಕೊಂಡು ಹೋಗುತ್ತೇನೆ. ಆ ಕಲ್ಲಿಗೆ ಅಮಾವಾಸ್ಯೆಗೆ ಪೂಜೆ ಮಾಡುವವರಿದ್ದಾರೆ. ಹಾಗಾಗಿ ಮೊದಲೇ ಅವರಿಗೊಂದು ಮಾತು ಹೇಳುತ್ತೇನೆ, ಮಕ್ಕಳು ಚಪ್ಪಲಿ ಬಿಟ್ಟು ಹತ್ತಿರ ಹೋಗುತ್ತಾರೆ. ಸೀಮೆಸುಣ್ಣ ಉಜ್ಜೋದು, ಕೆರೆಯೋದು ಎಲ್ಲ ಬೇಡ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಹೋದರೆ ಸವೆದ ಕೆತ್ತನೆಯೂ ಎದ್ದು ಕಾಣುತ್ತದೆ. ಮೋಡ ಇದ್ದರೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದರಾಯಿತು. ಎದುರಿನಿಂದ ಹಿಡಿದರೆ ಏನೂ ಕಾಣುವುದಿಲ್ಲ.

ಕಲ್ಲಿನಲ್ಲಿ ಮೂರು ಪಟ್ಟಿ. ಕೆಳಗಿನದರಲ್ಲಿ ಒಬ್ಬ ಕತ್ತಿ ಹಿಡಿದು ನಿಂತಿದ್ದಾನೆ. ಎದುರಿಗೆ ಬಿಲ್ಲು ಹಿಡಿದವರು. ಅವನ ಬೆನ್ನ ಹಿಂದೆ ದನಗಳು. ನಡುವಿನ ಪಟ್ಟಿಯಲ್ಲಿ ಇಬ್ಬರು ಹೆಂಗಸರು ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಲಿಂಗ, ಪಕ್ಕದಲ್ಲಿ ಅವನು ಕೂತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರ. ಪಟ್ಟಿಗಳ ನಡುವೆ ಅಕ್ಷರ ಇದ್ದಿರಬೇಕು, ಈಗ ಓದೋಕೆ ಬರುವಷ್ಟು ಉಳಿದಿಲ್ಲ. ನನ್ನ ಕೆಲಸಕ್ಕೆ ಅದೇ ಒಳ್ಳೆಯದಾಯಿತು. ಓದಿ ಹೇಳಿಬಿಟ್ಟರೆ ವಾದ ಎಲ್ಲಿಂದ ಬರುತ್ತದೆ?

ಇದು ಏನು ಅಂತ ನಾನು ಹೇಳುವುದಿಲ್ಲ. ‘ಹದಿನೈದು ನಿಮಿಷ ಸುಮ್ನೆ ನೋಡಿ, ಕಂಡದ್ದನ್ನು ಮಾತ್ರ ಬರೆಯಿರಿ’ ಅನ್ನುತ್ತೇನೆ. ‘ವೀರ’ ಅಂತ ಬರೆದರೆ ಹೊಡೆದುಹಾಕಿಸುತ್ತೇನೆ, ಯಾಕೆಂದರೆ ಅದು ಕಂಡದ್ದಲ್ಲ. ‘ಕತ್ತಿ ಹಿಡಿದವನು’ ಅಂತ ಬರೆಯಬೇಕು. ಇದು ಅವರಿಗೆ ಸಿಕ್ಕಾಪಟ್ಟೆ ಕಿರಿಕಿರಿ. ಆದರೆ ಈ ಹಂತ ಬಿಟ್ಟರೆ ಮುಂದಿನದೆಲ್ಲ ಮತ್ತೆ ಭಾಷಣವೇ.

ಒಂದು ವರ್ಷ ನಡೆದದ್ದನ್ನು ಹೇಳುತ್ತೇನೆ. ಒಂದು ಗುಂಪು ‘ಇವನು ರಾಜ’ ಅಂದಿತು, ಮೇಲೆ ಕೂತಿದ್ದಾನಲ್ಲ ಅದಕ್ಕೆ. ಇನ್ನೊಂದು ಗುಂಪು ‘ಕಿರೀಟ ಇಲ್ಲ, ಕುದುರೆ ಇಲ್ಲ, ರಾಜ ಒಬ್ಬನೇ ನಿಂತು ಯಾಕೆ ಹೊಡೆದಾಡ್ತಾನೆ’ ಅಂತ ಅದನ್ನು ಅಲ್ಲೇ ಮುಗಿಸಿತು. ಆಗ ಒಬ್ಬ ಹುಡುಗಿ, ‘ಇವನು ದನ ಉಳಿಸೋಕೆ ಹೋಗಿ ಸತ್ತವನು ಸರ್’ ಅಂದಳು. ಏನು ನೋಡಿ? ‘ದನ ಇವನ ಬೆನ್ನ ಹಿಂದಿವೆ. ಬಾಣ ಬಿಡೋರು ಎದುರಿಗಿದ್ದಾರೆ. ಅಂದ್ರೆ ದನಕ್ಕೆ ಅಡ್ಡ ನಿಂತಿದ್ದಾನೆ.’

ನಾನು ಖುಷಿಯಾಗಿ ಮುಂದಕ್ಕೆ ಹೋಗಬೇಕು, ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಕೇಳಿದ: ‘ಇವನೇ ಕಳ್ಳ ಯಾಕಾಗಿರಬಾರದು? ದನ ಹೊಡ್ಕೊಂಡು ಹೋಗ್ತಿದ್ದ, ದನದೋರು ಬಂದು ಬಾಣ ಬಿಟ್ರು. ಆಗ್ಲೂ ದನ ಹಿಂದೇನೇ ಇರ್ತಾವಲ್ವಾ?’

ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಕಲ್ಲನ್ನೇ ನೋಡುತ್ತಾ ನಿಂತಳು. ಆಮೇಲೆ ಹೇಳಿದಳು: ‘ಕಳ್ಳನಿಗೆ ಯಾರಾದ್ರೂ ಕಲ್ಲು ನಿಲ್ಲಿಸ್ತಾರಾ? ಮೇಲೆ ನೋಡು, ಅವನನ್ನ ಹೊತ್ಕೊಂಡು ಹೋಗಿ ಶಿವನ ಪಕ್ಕ ಕೂರಿಸಿದ್ದಾರೆ. ಊರೋರಿಗೆ ಅವನ ಮೇಲೆ ಪ್ರೀತಿ ಇತ್ತು, ಅದಕ್ಕೇ ಖರ್ಚು ಮಾಡಿ ಕೆತ್ತಿಸಿದ್ದಾರೆ.’

ಮೂರನೇ ಪ್ರಶ್ನೆಗೆ ಬೇಕಾದದ್ದು ಇದೇ. ದನ ಎಲ್ಲಿವೆ ಅನ್ನುವುದು ಇಬ್ಬರಿಗೂ ಒಂದೇ ಆಧಾರ. ಅದು ಎರಡೂ ಕಡೆಗೆ ವಾಲುತ್ತದೆ ಅಂತ ಗೊತ್ತಾದ ಮೇಲೆ ಅವಳು ಹೊಸ ಆಧಾರ ಹುಡುಕಿದಳು. ಜೊತೆಗೆ ‘ಕಲ್ಲು ನಿಲ್ಲಿಸುವುದು ಮೆಚ್ಚಿದವರಿಗೆ ಮಾತ್ರ’ ಅಂತ ಅದರ ಹಿಂದಿನ ನಂಬಿಕೆಯನ್ನೂ ಬಾಯಿಬಿಟ್ಟು ಹೇಳಿದಳು. ಎದುರಾಳಿ ಇಲ್ಲದಿದ್ದರೆ ಆ ವಾಕ್ಯ ಹೊರಗೇ ಬರುತ್ತಿರಲಿಲ್ಲ.

ಹುಡುಗ ಬಿಡಲಿಲ್ಲ. ‘ಕಳ್ಳನ ಊರೋರು ನಿಲ್ಲಿಸಿರಬಹುದು, ಅವರಿಗೆ ಅವನು ಒಳ್ಳೆಯವನೇ.’ ‘ಕಲ್ಲು ನಮ್ಮೂರಲ್ಲಿದೆಯಲ್ಲೋ’ ಅಂತ ಯಾರೋ ಅಂದರು. ಅಲ್ಲಿಗೆ ನಾನು ಬಾಯಿ ಹಾಕಿದೆ. ಇಂಥ ಕಲ್ಲುಗಳನ್ನು ಹೊಲ ಹದ ಮಾಡುವಾಗ, ರಸ್ತೆ ಮಾಡುವಾಗ ಎತ್ತಿ ಬೇರೆ ಕಡೆ ಇಡುವುದುಂಟು. ಇದು ಮೊದಲಿನಿಂದ ಇಲ್ಲೇ ಇತ್ತಾ ಅಂತ ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದೆ. ಮಾರನೇ ದಿನ ಎರಡು ಅಜ್ಜಂದಿರ ಎರಡು ಕಥೆ ಬಂದವು, ಒಂದಕ್ಕೊಂದು ತಾಳೆಯಾಗಲಿಲ್ಲ. ಅದನ್ನೂ ಹಾಗೇ ಬರೆಸಿದೆ.

ಇಷ್ಟೆಲ್ಲ ಆದ ಮೇಲೇ ತುರುಗೊಳ್ ಅನ್ನುವ ಹೆಸರು ಹೇಳಿದೆ. ದನ ಕೊಳ್ಳೆ ಹೊಡೆಯುವುದು, ಅದನ್ನು ಬಿಡಿಸಿಕೊಳ್ಳೋಕೆ ಹೋಗಿ ಸಾಯುವುದು ಆಗಿನ ಕಾಲದಲ್ಲಿ ಎಷ್ಟು ಸಾಮಾನ್ಯ ಅಂತ ಶಾಸನಗಳೇ ಹೇಳುತ್ತವೆ. ಪೆಣ್ಬುಯ್ಯಲ್ (ಹೆಂಗಸರನ್ನು ಕಾಪಾಡುವ ಹೋರಾಟ), ಊರಳಿವು (ಊರಿನ ಮೇಲೆ ಬಿದ್ದ ದಾಳಿ) ಅಂತ ಬೇರೆ ಬೇರೆ ಕಾರಣಕ್ಕೆ ಹಾಕಿಸಿದ ಕಲ್ಲುಗಳಿವೆ ಅಂತಲೂ ಹೇಳಿದೆ. ಮೊದಲೇ ಹೇಳಿದ್ದರೆ ಅದು ಇನ್ನೊಂದು ಬಾಯಿಪಾಠ ಆಗುತ್ತಿತ್ತು. ಮಾಸ್ತಿಕಲ್ಲಿನ ವಿಷಯವೂ ಹೀಗೇ. ಬಳೆ ತೊಟ್ಟ, ಮೇಲಕ್ಕೆತ್ತಿದ ಕೈ ನೋಡಿ ಎಲ್ಲರೂ ‘ದೇವಿ ಆಶೀರ್ವಾದ ಮಾಡ್ತಿದ್ದಾಳೆ’ ಅನ್ನುತ್ತಾರೆ. ‘ಹಾಗಾದ್ರೆ ಕೈ ಮಾತ್ರ ಯಾಕೆ, ಬಳೆಗೆ ಯಾಕೆ ಇಷ್ಟು ಒತ್ತು’ ಅಂತ ಕೇಳುತ್ತಾ ಹೋದರೆ ತಾವಾಗಿಯೇ ಗಂಡನ ಜೊತೆ ಚಿತೆಗೆ ಹೋದವಳ ತನಕ ಬರುತ್ತಾರೆ. ಆ ಪಾಠ ಮುಗಿದಾಗ ತರಗತಿ ಸ್ವಲ್ಪ ಭಾರವಾಗಿರುತ್ತದೆ, ಅದಕ್ಕೆ ಕೊನೆಯ ಪೀರಿಯಡ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ.

ಕಲ್ಲಿಂದ ಪುಸ್ತಕಕ್ಕೆ ಬಂದಾಗ ಇನ್ನೊಂದು ಗೋಡೆ. ‘ಏನು ನೋಡಿ ಹಾಗಂತೀಯಾ?’ ಅಂದರೆ ‘ಪುಸ್ತಕದಲ್ಲಿದೆ ಸರ್’ ಅಂತಾರೆ. ಪುಸ್ತಕಕ್ಕೆ ಯಾರು ಹೇಳಿದರು? ಇಲ್ಲಿ ನಮ್ಮ ತಾಲ್ಲೂಕಿನ ತಾಳಗುಂದ ನನಗೆ ತುಂಬಾ ಸಹಾಯಕ್ಕೆ ಬಂದಿದೆ. ಕದಂಬ ವಂಶದ ಮೊದಲ ರಾಜ ಮಯೂರಶರ್ಮ ಕಂಚಿಗೆ ಓದೋಕೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು, ಸಿಟ್ಟಿಗೆದ್ದು ಕತ್ತಿ ಹಿಡಿದ ಅನ್ನುವ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಕೆಲವರು ಸಿನಿಮಾದಲ್ಲೂ ನೋಡಿದ್ದಾರೆ. ಈ ಕಥೆ ನಮಗೆ ಸಿಕ್ಕಿದ್ದು ತಾಳಗುಂದದ ಕಂಬದ ಸಂಸ್ಕೃತ ಶಾಸನದಿಂದ. ಅದನ್ನು ಬರೆದವನು ಕುಬ್ಜ ಅನ್ನುವ ಕವಿ. ಬರೆಸಿದ ಕಾಲ ಶಾಂತಿವರ್ಮನದು. ಶಾಂತಿವರ್ಮ ಯಾರು? ಮಯೂರಶರ್ಮನ ಮರಿಮಗನ ಮಗ. ಬೋರ್ಡಿನ ಮೇಲೆ ವಂಶವೃಕ್ಷ ಬರೆದು ಸುಮ್ಮನೆ ನಿಲ್ಲುತ್ತೇನೆ. ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: ‘ಸರ್, ತಾತನ ಕಥೆ ಮನೆಯವರೇ ಬರೆಸಿದ್ರೆ ಸ್ವಲ್ಪ ಹೊಗಳಿರ್ತಾರೆ ಅಲ್ವಾ?’

ಹಾಗಂತ ಶಾಸನ ಸುಳ್ಳು ಅಂತಲ್ಲ. ಕೆಲವು ಮಕ್ಕಳು ಒಮ್ಮೆ ಅನುಮಾನ ಕಲಿತರೆ ಎಲ್ಲವನ್ನೂ ‘ಸುಳ್ಳು’ ಅಂದುಬಿಡುತ್ತಾರೆ. ಅದೂ ಸೋಮಾರಿತನವೇ. ಹಾಗಾಗಿ ಪ್ರಶ್ನೆ ಬಿಗಿ ಮಾಡುತ್ತೇನೆ: ಇದರಲ್ಲಿ ಯಾವ ಮಾತಿಗೆ ಈ ಕಂಬ ಗಟ್ಟಿ ಆಧಾರ, ಯಾವುದಕ್ಕೆ ಅಷ್ಟು ಗಟ್ಟಿಯಲ್ಲ? ಕದಂಬರು ತಮ್ಮ ಹುಟ್ಟಿನ ಬಗ್ಗೆ ಏನು ನಂಬಿದ್ದರು ಅನ್ನೋಕೆ ಗಟ್ಟಿ ಆಧಾರ. ಕಂಚಿಯ ಬೀದಿಯಲ್ಲಿ ಆ ದಿನ ಏನಾಯಿತು ಅನ್ನೋಕೆ ಅಷ್ಟಲ್ಲ.

ಎಂಟನೇ ತರಗತಿಯವರಿಗೆ ಕನ್ನಡದ ಮೊದಲ ಶಾಸನ ಅಂತ ಹೇಳಿಕೊಂಡು ಬಂದಿರುವ ಹಲ್ಮಿಡಿ ಶಾಸನವನ್ನು ಕೊಡುತ್ತೇನೆ. ಅದು ಸುಮಾರು ಕ್ರಿ.ಶ. 450ರದ್ದು ಅಂತ ಎಲ್ಲರೂ ಓದಿರುತ್ತಾರೆ. ಕಲ್ಲಿನ ಮೇಲೆ ಇಸವಿಯೇ ಇಲ್ಲ ಅಂದಾಗ ತರಗತಿ ಎದ್ದು ಕೂರುತ್ತದೆ. ಮತ್ತೆ 450 ಎಲ್ಲಿಂದ ಬಂತು? ಶಾಸನದಲ್ಲಿರುವ ಕದಂಬ ರಾಜ ಕಾಕುಸ್ಥನ ಹೆಸರು, ಅಕ್ಷರಗಳ ರೂಪ, ಇಂಥವುಗಳಿಂದ. ಆಮೇಲೆ ನಮ್ಮ ತಾಲ್ಲೂಕಿನದೇ ಇನ್ನೊಂದು ಶಾಸನ ತರುತ್ತೇನೆ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಹತ್ತಿರ ಉತ್ಖನನದಲ್ಲಿ ಸಿಂಹಕಟಾಂಜನದ (ಸಿಂಹ ಕೆತ್ತಿದ ಕಲ್ಲಿನ ಕಟಕಟೆಯ) ಮೇಲೆ ಸಿಕ್ಕ ಕನ್ನಡ ಶಾಸನ. ಪುರಾತತ್ವ ಇಲಾಖೆ ಅದನ್ನು ಕ್ರಿ.ಶ. 370ರದ್ದು ಅಂದಿತು. ಹಾಗಾದರೆ ಮೊದಲನೆಯದು ಯಾವುದು? ನಮ್ಮ ಮಕ್ಕಳು ಒಂದೇ ಗಂಟಲಲ್ಲಿ ‘ನಮ್ದು!’ ಅಂತ ಕೂಗುತ್ತಾರೆ. ‘ನಮ್ಮ ತಾಲ್ಲೂಕಿನದು ಅನ್ನೋದು ಆಧಾರನಾ?’ ಅಂತ ಚಾರ್ಟ್ ತೋರಿಸುತ್ತೇನೆ. ಊರಿನ ಅಭಿಮಾನ ಬದಿಗಿಟ್ಟು ವಾದ ಮಾಡೋದು ದೊಡ್ಡವರಿಗೇ ಕಷ್ಟ, ಇವರು ಪರವಾಗಿಲ್ಲ.

ಎಲ್ಲದಕ್ಕೂ ಆಧಾರ ಹುಡುಕೋಕೆ ಹೋದರೆ ಇನ್ನೊಂದು ತೊಂದರೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ತಿನ್ನದವರಿಗೆ ಬಾಳೆಹಣ್ಣು. ಇದರ ಮೇಲೆ ಚರ್ಚೆ ಮಾಡಿಸಿ ಅಂತ ಮಕ್ಕಳೇ ಕೇಳಿದ್ದರು. ‘ಮೊಟ್ಟೆ ತಿನ್ನಬೇಕೋ ಬೇಡವೋ’ ಅನ್ನುವುದನ್ನು ನಾನು ತರಗತಿಗೆ ತರಲಿಲ್ಲ. ಅದು ಮನೆಯ ರೂಢಿ, ಅದನ್ನು ಮುಂದಿಟ್ಟು ಯಾವ ಮಗುವನ್ನೂ ಮೂಲೆಗೆ ತಳ್ಳಬಾರದು. ‘ಯಾವುದರಲ್ಲಿ ಪ್ರೋಟೀನ್ ಜಾಸ್ತಿ?’ ಅಂತ ಬದಲಾಯಿಸಿದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಬಾಳೆಹಣ್ಣಿನಲ್ಲಿ ಹೆಚ್ಚುಕಡಿಮೆ 1 ಗ್ರಾಂ. ಇದು ಐದು ನಿಮಿಷದಲ್ಲಿ ಮುಗಿಯಿತು. ಆದರೆ ‘ಯಾವುದು ರುಚಿ’, ‘ಯಾವುದರಲ್ಲಿ ಪ್ರೋಟೀನ್ ಜಾಸ್ತಿ’ ಎರಡೂ ಒಂದೇ ಜಾತಿಯ ಪ್ರಶ್ನೆ ಅಲ್ಲ ಅನ್ನುವುದು ಅವತ್ತು ಅವರಿಗೆ ತಲೆಗೆ ಹೋಯಿತು. ಈಗ ಚರ್ಚೆಗೆ ಮೊದಲು ‘ಸರ್, ಇದು ರುಚಿ ಪ್ರಶ್ನೆನಾ?’ ಅಂತ ಕೇಳುವವರಿದ್ದಾರೆ.

ಅಂಕದ ವಿಷಯ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಲ್ಲಿ ಇದಕ್ಕೆ 5 ಅಂಕ ಇಟ್ಟುಕೊಂಡಿದ್ದೇನೆ. ಮಾತಿಗೆ 1, ಆಧಾರಕ್ಕೆ 2, ದಾರಿ ತೋರಿಸುವ ಸಾಲಿಗೆ 2. ನನ್ನ ಅಭಿಪ್ರಾಯಕ್ಕೆ ಉಲ್ಟಾ ಬರೆದರೂ 5 ಸಿಗುತ್ತದೆ ಅಂತ ಮೊದಲೇ ಹೇಳಿರುತ್ತೇನೆ. ಇಲ್ಲದಿದ್ದರೆ ಎಲ್ಲರೂ ಸರ್ ಮುಖ ನೋಡಿ ಬರೆಯುತ್ತಾರೆ. ಆ ‘ಕಳ್ಳ’ ಅಂದ ಹುಡುಗನಿಗೆ 5 ಕೊಟ್ಟಾಗಲೇ ತರಗತಿ ಇದನ್ನು ನಂಬಿದ್ದು.

ನಿಧಾನವಾಗಿ ಬರೆಯುವ ಮಕ್ಕಳಿಗೆ ವಾಕ್ಯದ ಅರ್ಧ ಭಾಗ ಬೋರ್ಡಿನ ಮೇಲೆ ಕೊಡುತ್ತೇನೆ: ‘... ಅನಿಸುತ್ತದೆ. ಯಾಕೆಂದರೆ ... ಕಾಣುತ್ತದೆ. ಸಾಮಾನ್ಯವಾಗಿ ... ಇದ್ದರೆ ... ಆಗಿರುತ್ತದೆ.’ ಆ ‘ಸಾಮಾನ್ಯವಾಗಿ’ ಇದೆಯಲ್ಲ, ಅದೇ ಮೂರನೇ ಸಾಲನ್ನು ಎಳೆದು ತರುತ್ತದೆ. ಎರಡು ಮೂರು ತಿಂಗಳಾದ ಮೇಲೆ ಬೋರ್ಡ್ ಅಳಿಸುತ್ತೇನೆ. ಏಳನೇ ತರಗತಿಯ ಕೊನೆಗೆ ನಾಲ್ಕನೇ ಸಾಲು ಸೇರಿಸುತ್ತೇನೆ: ‘... ಅಂತಲೂ ಹೇಳಬಹುದು, ಆದರೆ ...’ ಆರನೆಯವರಿಗೆ ಅದನ್ನು ಕೊಟ್ಟರೆ ತಮ್ಮ ಮಾತೇ ಮರೆತು ಆ ಕಡೆ ಹೋಗಿಬಿಡುತ್ತಾರೆ.

ಒಂದು ಫಜೀತಿ ಮಾತ್ರ ಇದೆ. ಈ ರೂಢಿ ಹತ್ತಿದ ಮಕ್ಕಳು ಪರೀಕ್ಷೆಯಲ್ಲಿ ‘ಕಾರಣ ಕೊಡಿ’ ಅಂತ 2 ಅಂಕಕ್ಕೆ ಕೇಳಿದ್ದಕ್ಕೂ ಒಂದು ಪುಟ ತುಂಬಿಸುತ್ತಾರೆ. ಕೊನೆಯ ಪ್ರಶ್ನೆಗಳಿಗೆ ಸಮಯ ಉಳಿಯುವುದಿಲ್ಲ. ಅದಕ್ಕೇ ಹೇಳಿದ್ದೇನೆ: ಪರೀಕ್ಷೆಯಲ್ಲಿ ಮೂರು ಸಾಲಲ್ಲಿ ಮುಗಿಸಿ, ಉಳಿದ ಜಗಳ ಸೋಮವಾರ ತರಗತಿಯಲ್ಲಿ ಆಡೋಣ.